ಕಸ್ತೂರಿಬಾಯಿಯ ಎಡಗೈ

ಎಳ್ಳಮಾವಾಸ್ಯೆಗೆ ಇನ್ನು ಎರಡೇ ದಿನ. ಬಿಸಿಲವಾಡಿಯ ಮೂರನೇ ಓಣಿಯ ಅಡುಗೆಮನೆಯಲ್ಲಿ ಕಸ್ತೂರಿಬಾಯಿ ಬೆಳಗಿನಿಂದ ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಳು. ಬದನೆ, ಗಜ್ಜರಿ, ಕುಂಬಳ, ಬೀಟ್‌ರೂಟ್, ಹಸಿ ಕಡಲೆ, ಅವರೆ, ತೊಗರಿಕಾಯಿ, ಮೆಂತೆ, ಪುಂಡಿ, ರಾಜಗಿರಿ, ಬಾರಿಹಣ್ಣು, ಪೇರಲ... ಎಣಿಕೆ ಮೂವತ್ತೆಂಟಕ್ಕೆ ಬಂದು ನಿಂತಿತ್ತು. ಆ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಹೊಲದಲ್ಲಿ ಆ ಹೊತ್ತಿಗೆ ಏನೇನು ಬೆಳೆದು ನಿಂತಿದೆಯೋ ಅಷ್ಟನ್ನೂ ಒಂದೇ ಕೊಪ್ಪರಿಗೆಗೆ ಹಾಕಿ, ಕಡಲೆಹಿಟ್ಟು, ಹುಣಸೆಹುಳಿ, ಅರಿಶಿನ ಬಿಟ್ಟು ಕುದಿಸಿದ ಪಲ್ಯ ಅದು. ನಲವತ್ತು ಬಗೆಗಿಂತ ಒಂದು ಕಡಿಮೆಯಾದರೂ ಕಸ್ತೂರಿಬಾಯಿಯ ಲೆಕ್ಕದಲ್ಲಿ ಅದು ಭಜ್ಜಿಯಲ್ಲ, ಬರೀ ಸಾರು.

ಆದರೆ ಈ ಸಲ ಅವಳ ಎಣಿಕೆಯಲ್ಲಿ ಎಂದಿನ ಗತ್ತು ಇರಲಿಲ್ಲ. ಇದೇ ಕೊನೆಯ ಭಜ್ಜಿ ಎಂಬ ಸುದ್ದಿ ಓಣಿಯ ತುಂಬ ಹರಡಿತ್ತು. ಆ ಸುದ್ದಿ ಹೊರಟದ್ದು ಅವಳ ಸೊಸೆ ಕೆಲಸ ಮಾಡುವ ಪ್ರಯೋಗಾಲಯದಿಂದಲೇ.

ಬಿಸಿಲವಾಡಿ ಹಳೆಯ ಊರಲ್ಲ. ಕಲಬುರಗಿಯ ಆಚೆ, ಒಂದು ಕಾಲಕ್ಕೆ ತೊಗರಿ ಬೆಳೆಯುತ್ತಿದ್ದ ಎರೆಭೂಮಿಯ ಮೇಲೆ ಆಳೆತ್ತರದ ಕಂಬ ನೆಟ್ಟು, ಕಣ್ಣು ಹಾಯುವವರೆಗೂ ಸೌರಫಲಕ ಹೊದಿಸಿ ಕಟ್ಟಿದ ಊರು. ಅರ್ಧ ರಾಜ್ಯದ ದೀಪ ಉರಿಯುವುದು ಇಲ್ಲಿಯ ಬಿಸಿಲಿನಿಂದ. ಫಲಕ ಒರೆಸುವವರು, ತಂತಿ ನೋಡಿಕೊಳ್ಳುವವರು, ಅವರ ಹೆಂಡಿರು ಮಕ್ಕಳು, ಎಲ್ಲ ಸೇರಿ ಹನ್ನೆರಡು ಓಣಿ. ಹತ್ತು ವರ್ಷದ ಹಿಂದೆ ಆಹಾರ ಮಂಡಳಿಯವರು ಊರನ್ನು ಸರಿಯಾಗಿ ಎರಡು ಪಾಲು ಮಾಡಿದರು. ಆರು ಓಣಿಗಳಿಗೆ 'ಪೂರ್ಣಾನ್ನ'. ಜನ ಅದನ್ನು ಬಿಲ್ಲೆ ಎನ್ನುತ್ತಿದ್ದರು. ಅಂಗೈಯಗಲದ, ಬೂದಿ ಬಣ್ಣದ, ದೇಹಕ್ಕೆ ಬೇಕಾದ ಮೂವತ್ತೆರಡು ಸತ್ವಗಳನ್ನು ತೂಗಿ ತುಂಬಿದ ಬಿಲ್ಲೆ. ಹೊತ್ತಿಗೆ ಎರಡು ತಿಂದು ನೀರು ಕುಡಿದರೆ ಊಟ ಮುಗಿಯಿತು. ಉಳಿದ ಆರು ಓಣಿಗಳಿಗೆ ಫಲಕಗಳ ನೆರಳಿನಲ್ಲಿ ಕಾಯಿಪಲ್ಯ ಬೆಳೆದು, ಓಣಿಗೊಂದು ಅಡುಗೆಮನೆಯಲ್ಲಿ ಬೇಯಿಸಿ ಹಾಕಬೇಕು. ಹತ್ತು ವರ್ಷ ಕಳೆದ ಮೇಲೆ ಯಾವ ಪಾಲಿನವರು ಗಟ್ಟಿಯಾಗಿದ್ದಾರೋ ನೋಡಿ ತೀರ್ಮಾನ.

ಆ ತೀರ್ಮಾನದ ದಿನವನ್ನು ಮಂಡಳಿಯವರು ಪಂಚಾಂಗ ನೋಡದೆ ಗೊತ್ತು ಮಾಡಿದ್ದರು. ಅದು ಎಳ್ಳಮಾವಾಸ್ಯೆಯ ದಿನವೇ ಬಿದ್ದಿತ್ತು.

ಸೊಸೆಯ ಹೆಸರು ಮಹಾನಂದಾ. ಊರಿನ ಪ್ರಯೋಗಾಲಯದಲ್ಲಿ ವರ್ಣಮಾಪಕದ ಉಸ್ತುವಾರಿ ಅವಳದು. ನಾವು ತಿಂದ ಬಣ್ಣವೆಲ್ಲ ಹೊಟ್ಟೆಯಲ್ಲೇ ಕರಗಿ ಹೋಗುವುದಿಲ್ಲ. ಗಜ್ಜರಿಯ ಕಿತ್ತಳೆ, ಟೊಮ್ಯಾಟೊದ ಕೆಂಪು, ಸೊಪ್ಪಿನ ಹಸಿರಿನ ಹಿಂದೆ ಅಡಗಿ ಕೂತ ಹಳದಿ, ಇವೆಲ್ಲ ರಕ್ತದಲ್ಲಿ ಹರಿದು ಬಂದು ಚರ್ಮದಲ್ಲಿ, ಕಣ್ಣಿನ ಒಳಪರದೆಯಲ್ಲಿ ಒಂದಿಷ್ಟು ತಂಗುತ್ತವೆ. ಬೆರಳ ತುದಿಗೆ ನೀಲಿ ಬೆಳಕು ಬಿಟ್ಟು, ಅದರಲ್ಲಿ ಎಷ್ಟನ್ನು ಚರ್ಮ ನುಂಗಿತು ಎಂದು ನೋಡಿದರೆ ಮೈಯಲ್ಲಿ ಎಷ್ಟು ಬಣ್ಣವಿದೆ ಎಂದು ತಿಳಿಯುತ್ತದೆ. ವರ್ಣಮಾಪಕ ಮಾಡುವುದು ಇಷ್ಟೇ. ಕೊನೆಗೆ ಒಂದು ಸಂಖ್ಯೆ ಹೇಳುತ್ತದೆ.

ಹತ್ತು ವರ್ಷದಿಂದ ಆ ಸಂಖ್ಯೆ ಎರಡೂ ಪಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು.

"ಬಿಲ್ಲೆ ಓಣಿ ಮೂವತ್ತು. ಅಡಿಗಿಮನಿ ಓಣಿ ಮೂವತ್ತೊಂದು," ಪ್ರಯೋಗಾಲಯದ ಮುಖ್ಯಸ್ಥ ಜಾಗೀರದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡವಾ ಮಹಾನಂದಾ, ನನಗೇನು ಖುಷಿ ಆಗ್ಯಾದ ಅಂತ ತಿಳ್ಕೋಬ್ಯಾಡ. ನಿಮ್ಮ ಅತ್ತಿ ಕೈ ಊಟ ನಾನೂ ಉಂಡೀನಿ. ಆದ್ರ ಅಷ್ಟು ನೀರು ಹಾಕಿ ಬೆಳದು, ಅಷ್ಟು ಮಂದಿ ಹೆಚ್ಚಿ ಬೇಯ್ಸಿ, ಕಡೀಕ ಒಂದೇ ಒಂದು ಅಂಕಿ ಹೆಚ್ಚು. ಅಡಿಗಿಮನಿ ಮುಚ್ಚಿದ್ರ ನೀರು ಉಳೀತದ ಅಂತಾರ ಮಂಡಳಿಯವರು. ಇಲ್ಲ ಅನ್ಲಾಕ ನಮ್ಮ ಕೈಯಾಗ ಏನದ?"

ಒಂದು ವಿಷಯ ಮಾತ್ರ ಮಹಾನಂದಾಳಿಗೆ ಬಹಳ ದಿನದಿಂದ ಚುಚ್ಚುತ್ತಿತ್ತು. ಫಲಕ ಒರೆಸುವವರಿಗೆ ಕಣ್ಣು ಕೋರೈಸುವ ಬೆಳಕಿನಲ್ಲೇ ಇಡೀ ದಿನ ಕೆಲಸ. ಕಣ್ಣಿಗೆ ಝಳ ಹೊಡೆದ ಮೇಲೆ ಮತ್ತೆ ಅಕ್ಷರ ಕಾಣಲು ಎಷ್ಟು ಹೊತ್ತು ಬೇಕು ಎಂಬ ಪರೀಕ್ಷೆಯೊಂದಿತ್ತು. ಬಿಲ್ಲೆ ಓಣಿಯವರಿಗೆ ಇಪ್ಪತ್ತು ಸೆಕೆಂಡ್ ಬೇಕಾಗುತ್ತಿತ್ತು, ಅಡುಗೆಮನೆ ಓಣಿಯವರಿಗೆ ಒಂಬತ್ತೋ ಹತ್ತೋ. ಅವಳ ಗಂಡ ಶರಣಪ್ಪನಿಗಂತೂ ಎಂಟೇ. ಆದರೆ ವರ್ಣಮಾಪಕ ಇಬ್ಬರ ಮೈಯಲ್ಲೂ ಒಂದೇ ಬಣ್ಣ ಎನ್ನುವಾಗ ಈ ವ್ಯತ್ಯಾಸಕ್ಕೆ ಕಾರಣ ಯಾವುದು? ವರದಿಯಲ್ಲಿ 'ಅಭ್ಯಾಸಬಲ' ಎಂದು ಬರೆದು ಕೈತೊಳೆದುಕೊಂಡಿದ್ದರು.

ವರ್ಣಮಾಪಕದ ಮೇಲೆ ಅನುಮಾನಪಡುವುದು ಯಾರಿಗೂ ಸುಲಭವಿರಲಿಲ್ಲ, ಮಹಾನಂದಾಳಿಗಂತೂ ಇರಲೇ ಇಲ್ಲ. ಅದಕ್ಕೊಂದು ಕಾರಣ ಅವಳ ಮನೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿ ನೇತಾಡುತ್ತಿತ್ತು.

ಮೊದಲ ವರ್ಷ ಅಡುಗೆಮನೆ ಓಣಿಗಳ ಅಳತೆ ತೆಗೆದಾಗ ಯಂತ್ರ ತೊಂಬತ್ತು, ತೊಂಬತ್ತೈದು ಎಂದು ಕೂಗತೊಡಗಿತ್ತು. ಮನುಷ್ಯರ ಮೈಯಲ್ಲಿ ಅಷ್ಟು ಬಣ್ಣ ಇರುವುದು ಸಾಧ್ಯವೇ ಇಲ್ಲ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಹಾನಂದಾ ಕಾರಣ ಹಿಡಿದಳು. ಕೈಯಿಂದ ಕಲಸಿ ಉಣ್ಣುವ ಜನರ ಬೆರಳಿನಲ್ಲಿ ಅರಿಶಿನ ಇರುತ್ತದೆ; ಎಷ್ಟು ತೊಳೆದರೂ ಉಗುರ ಸಂದಿಯಿಂದ ಹೋಗುವುದಿಲ್ಲ; ಅರಿಶಿನವೂ ನೀಲಿ ಬೆಳಕನ್ನೇ ನುಂಗುತ್ತದೆ. ಬೆರಳ ಮೇಲೆ ಅರಿಶಿನ ಕಂಡಕೂಡಲೇ ಆ ಹಳದಿಯನ್ನು ಲೆಕ್ಕದಿಂದ ಕಳೆಯುವ ತಿದ್ದುಪಡಿಯನ್ನು ಅವಳು ಬರೆದಳು. ಯಂತ್ರ ತೆಪ್ಪಗಾಯಿತು. 'ಅರಿಶಿನ ತಿದ್ದುಪಡಿ'ಗೆ ರಾಜ್ಯದ ಪ್ರಶಸ್ತಿ ಬಂತು. ಆ ಪ್ರಶಸ್ತಿಪತ್ರದ ಮೇಲೆ ಏನು ಬರೆದಿದೆ ಎಂದು ಕಸ್ತೂರಿಬಾಯಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹಾಲಿನವಳಿಂದ ಹಿಡಿದು ಬೀಗರವರೆಗೆ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸದೆ ನೀರು ಕೊಟ್ಟವಳಲ್ಲ.

ಹಬ್ಬಕ್ಕೆ ಎರಡು ದಿನವಿದ್ದ ಅವತ್ತೇ ಹತ್ತು ವರ್ಷದ ಕೊನೆಯ ಅಳತೆ. ಮಹಾನಂದಾ ಯಂತ್ರ ಹಿಡಿದು ಮೂರನೇ ಓಣಿಯ ಅಡುಗೆಮನೆಗೆ ಬಂದಾಗ ಅತ್ತೆಯ ಬಲಗೈಯ ನಾಲ್ಕೂ ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು.

"ಅತ್ತೀ, ಕೈಗೇನಾಯ್ತ್ರೀ?"

"ಏನಾಗ್ತದ? ಕುಂಬಳಕಾಯಿ ಗಟ್ಟಿ ಇತ್ತು, ಈಳಿಗಿ ಅದಕ್ಕಿಂತ ಗಟ್ಟಿ ಇತ್ತು. ನಡುವ ನನ್ನ ಬೆರಳು ಸಿಕ್ಕಾವ."

"ಹಂಗಾದ್ರ ಎಡಗೈ ಇಡ್ರಿ."

ಕಸ್ತೂರಿಬಾಯಿ ಮುಖ ಕಿವುಚಿದಳು. "ಎಡಗೈ ಹ್ಯಾಂಗ ಕೊಡ್ಲೇ ನಂದಾ? ಸರ್ಕಾರದ ವಸ್ತು ಅದು."

"ಮಿಷನ್ನಿಗೇನು ತಿಳೀತದರೀ ಎಡ ಯಾವುದು ಬಲ ಯಾವುದು? ಇಡ್ರಿ."

ಕಸ್ತೂರಿಬಾಯಿ ಒಲ್ಲದ ಮನಸ್ಸಿನಿಂದ ಯಂತ್ರವನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಗೊಣಗಿ, ಎಡಗೈಯ ತೋರುಬೆರಳನ್ನು ಕಿಂಡಿಯೊಳಗೆ ಇಟ್ಟಳು. ನೀಲಿ ಬೆಳಕು ಮಿನುಗಿತು. ಐವತ್ತೊಂಬತ್ತು.

ಮಹಾನಂದಾ ಯಂತ್ರದ ಗಾಜು ಒರೆಸಿ ಇನ್ನೊಮ್ಮೆ ಇಡಿಸಿದಳು. ಐವತ್ತೊಂಬತ್ತು. ಪರದೆಯ ಮೇಲಿನ ಗೆರೆ ನೋಡಿದಳು. ಬಿಲ್ಲೆ ತಿಂದವರ ಗೆರೆಯಲ್ಲಿ ಒಂದೇ ಒಂದು ದಿಬ್ಬ ಇರುತ್ತಿತ್ತು, ಏಕೆಂದರೆ ಬಿಲ್ಲೆಗೆ ಹಾಕಿದ್ದು ಒಂದೇ ಬಣ್ಣ. ಇಲ್ಲಿ ಒಂದರ ಪಕ್ಕ ಒಂದು ಐದಾರು ದಿಬ್ಬಗಳು ಎದ್ದು ನಿಂತಿದ್ದವು. ಅವಳು ಅಲ್ಲೇ ತಿರುಗಿ ತನ್ನ ಬಲಗೈ ಇಟ್ಟಳು. ಮೂವತ್ತೊಂದು. ಎಡಗೈ ಇಟ್ಟಳು. ನಲವತ್ತೇಳು.

ಅವಳಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಗಿ ಹೋಯಿತು, ಅರ್ಥವಾಗದಿದ್ದರೇ ಚೆನ್ನಾಗಿತ್ತು ಎನ್ನಿಸುವಷ್ಟು ಸ್ಪಷ್ಟವಾಗಿ.

ಅರಿಶಿನ ತಿದ್ದುಪಡಿಯನ್ನು ಅವಳು ಪರೀಕ್ಷಿಸಿದ್ದು ಯಾರ ಮೇಲೆ? ಪ್ರಯೋಗಾಲಯದ ತನ್ನ ಸಹೋದ್ಯೋಗಿಗಳ ಬೆರಳಿಗೇ ಅರಿಶಿನ ಹಚ್ಚಿ. ಅವರೆಲ್ಲ ಕ್ಯಾಂಟೀನಿನಲ್ಲಿ ಬಿಲ್ಲೆ ತಿನ್ನುವವರು. ಅವರ ಬೆರಳ ಮೇಲಿನ ಹಳದಿಯನ್ನು ಪೂರ್ತಿ ಕಳೆದು, ಸಂಖ್ಯೆ ಮೂವತ್ತರ ಸುಮಾರಿಗೆ ಬಂದು ನಿಲ್ಲುವಂತೆ ಅವಳು ಹದ ಮಾಡಿದ್ದಳು. ಅವರ ಮಟ್ಟಿಗೆ ಅದು ಸರಿಯೇ; ಚರ್ಮದ ಒಳಗೆ ಇದ್ದದ್ದು ಅಷ್ಟೇ. ಆದರೆ ಬಣ್ಣಬಣ್ಣದ ಕಾಯಿ, ಹಣ್ಣು, ಸೊಪ್ಪು ತಿಂದವರ ಒಳಗೂ ಹಳದಿ ಇರುತ್ತದೆ. ಬೆರಳಿನಲ್ಲಿ ಅರಿಶಿನ ಕಂಡಾಗಲೆಲ್ಲ ಅವಳ ತಿದ್ದುಪಡಿ ಹೊರಗಿನದರ ಜೊತೆ ಒಳಗಿನದನ್ನೂ ಗುಡಿಸಿ ಹಾಕಿತ್ತು. ಹತ್ತು ವರ್ಷದಲ್ಲಿ ನಲವತ್ತು ಸಾವಿರ ಅಳತೆ. ಯಂತ್ರದ ಮೇಲೆ 'ತೋರುಬೆರಳು ಇಡಿ' ಎಂದಷ್ಟೇ ಬರೆದಿತ್ತು. ಯಾವ ಕೈ ಎಂದು ಯಾರೂ ಬರೆದಿರಲಿಲ್ಲ, ಯಾರೂ ಕೇಳಲೂ ಇಲ್ಲ. ಉಣ್ಣುವುದು ಬಲಗೈ, ಕೊಡುವುದೂ ಬಲಗೈ. ಎಡಗೈಯಲ್ಲಿ ಬರೆಯುವವರೂ ಬಲಗೈಯನ್ನೇ ಚಾಚಿದ್ದರು. ಅರಿಶಿನ ಹತ್ತದ ಎಡಗೈಯನ್ನು ಮಾತ್ರ ತಿದ್ದುಪಡಿ ಮುಟ್ಟಿರಲಿಲ್ಲ, ಅದನ್ನು ಅಳೆದವರೇ ಇರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತವಳು ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟಳು. ತಟ್ಟೆಯಲ್ಲಿ ಸಜ್ಜೆರೊಟ್ಟಿ, ಪುಂಡಿಪಲ್ಯ, ಹಸಿ ಗಜ್ಜರಿಯ ತುರಿ. ಎದುರಿಗೆ ಗೋಡೆಯ ಮೇಲೆ ಪ್ರಶಸ್ತಿ. ಯಂತ್ರ ಹಳೆಯ ಗೆರೆಗಳನ್ನು ಇಟ್ಟುಕೊಂಡಿರಲಿಲ್ಲ, ಬರೀ ಸಂಖ್ಯೆ ಉಳಿಸಿಕೊಂಡಿತ್ತು. ಸದ್ದಿಲ್ಲದೆ ಸರಿಪಡಿಸಲು ದಾರಿಯೇ ಇಲ್ಲ. ಜನರನ್ನು ಹೊಸದಾಗಿ ಅಳೆಯಬೇಕು, ಅಳೆಯಬೇಕಾದರೆ ಕಾರಣ ಹೇಳಬೇಕು. ಬಾಯಿ ಮುಚ್ಚಿಕೊಂಡರೆ ನಾಡಿದ್ದು ಆರು ಅಡುಗೆಮನೆಗಳಿಗೆ ಬೀಗ ಬೀಳುತ್ತದೆ. ಗೋಡೆಯ ಚೌಕಟ್ಟು ಮಾತ್ರ ಹಾಗೇ ಉಳಿಯುತ್ತದೆ.

ಅವಳು ಅತ್ತೆಗೆ ಎಲ್ಲವನ್ನೂ ಹೇಳಿದಳು. ಕಸ್ತೂರಿಬಾಯಿ ನಡುವೆ ಬಾಯಿ ಹಾಕದೆ ಕೇಳಿದಳು. ಅದು ಅವಳ ಜೀವಮಾನದಲ್ಲೇ ಅಪರೂಪ.

"ಅಂದ್ರ ನಾ ಮಾಡಿ ಹಾಕಿದ್ದನ್ನೆಲ್ಲ ಮಂದಿ ಮೈಯಾಗಿಂದ ನೀನೇ ಕಳದು ಒಗದೀ? ಹತ್ತು ವರ್ಷ?"

"ಹೌದ್ರಿ."

"ಆ ಫೋಟೋ ನಾ ಎಷ್ಟು ಮಂದಿಗಿ ತೋರ್ಸೀನಿ ಗೊತ್ತದೇನು?"

"ಗೊತ್ತದರೀ ಅತ್ತೀ." ಮಹಾನಂದಾಳ ಕಣ್ಣಲ್ಲಿ ನೀರು ತುಂಬಿತು.

ಕಸ್ತೂರಿಬಾಯಿ ಎದ್ದು ಹೋಗಿ ಇನ್ನೊಂದು ರೊಟ್ಟಿ ತಂದು ಅವಳ ತಟ್ಟೆಗೆ ಹಾಕಿದಳು. "ಉಣ್ಣು ಮೊದಲ. ಉಪಾಸ ಇದ್ದು ತಪ್ಪು ಒಪ್ಕೋಳಾಕ ಹೋದ್ರ ದನಿ ನಡಗ್ತದ. ಮಂದಿ ನೀ ಅಂಜೀದಿ ಅಂತ ತಿಳೀತಾರ."

"ಕೆಲಸ ಹೋದ್ರ?"

"ಹೋದ್ರ ಹೋಯ್ತು. ನನ್ನ ಬೆರಳು ಹಿಂಗಾಗ್ಯಾವ, ಈಳಿಗಿ ಹಿಡ್ಯಾಕ ಒಬ್ಬಾಕಿ ಬೇಕೇ ಬೇಕು." ಅಷ್ಟು ಹೇಳಿ ಅವಳು ಪ್ರಶಸ್ತಿಯ ಕಡೆ ಒಮ್ಮೆ ನೋಡಿದಳು, ಮತ್ತೆ ಸೊಸೆಯ ಕಡೆ ತಿರುಗಿದಳು. "ನನ್ನ ಅಡಿಗಿ ಮೈಗಿ ಹತ್ತಿತ್ತಲ್ಲ? ಅದು ಖರೆ ಅದಲ್ಲ?"

"ಖರೆ ಅದರೀ. ಎರಡರಷ್ಟು ಹತ್ತ್ಯಾದ."

ಆ ಮುದುಕಿಯ ಮುಖ ಅರಳಿದ್ದನ್ನು ನೋಡಿ ಮಹಾನಂದಾಳಿಗೆ ಅಳುವಿನ ನಡುವೆಯೇ ನಗು ಬಂತು. ರೊಟ್ಟಿ ಮುರಿದು ಬಾಯಿಗಿಟ್ಟಳು.

ಮರುದಿನ ಬೆಳಿಗ್ಗೆ ಜಾಗೀರದಾರರು ಅವಳ ಮಾತು ಕೇಳುತ್ತ ಕೇಳುತ್ತ ಕುರ್ಚಿಗೆ ಒರಗಿದರು. ತಮ್ಮ ಬಲಗೈಯ ತೋರುಬೆರಳನ್ನು ಎತ್ತಿ ನೋಡಿದರು.

"ಅವತ್ತು ಅರಿಶಿಣ ಹಚ್ಚಿದ್ದು ಈ ಬೆರಳಿಗೇ ಅಲ್ಲೇನವಾ?"

"ಹೌದ್ರಿ ಸರ್. ಮೊದಲ್ನೇದು ನಿಮ್ಮದೇ ಇತ್ತು."

"ಬಿಲ್ಲೆ ತಿನ್ನೋ ಬೆರಳು. ಅದರ ಅಳತೀಲೆ ಊರೆಲ್ಲ ಅಳದ್ವಿ." ಅವರು ಎದ್ದು ನಿಂತರು. "ಆ ಪ್ರಶಸ್ತಿಗಿ ಹೆಸರು ಕಳ್ಸಿದ ಪತ್ರಕ್ಕ ನನ್ನ ಸಹಿ ಅದ. ಅರ್ಧ ತಪ್ಪು ನಂದು. ನಾಳಿಗಿ ನೀನೇ ಹೇಳು, ನಾ ನಿನ್ನ ಬಾಜೂಕೇ ನಿಂದರ್ತೀನಿ. ಆದ್ರ ಬಾಯಿ ಮಾತು ಮಂಡಳಿ ಕೇಳಂಗಿಲ್ಲ. ಅವರ ಕಣ್ಣ ಮುಂದ ಅಳದು ತೋರಿಸ್ಬೇಕು."

ಎಳ್ಳಮಾವಾಸ್ಯೆಯ ಬೆಳಿಗ್ಗೆ ಊರಿಗೆ ಊರೇ ಫಲಕಗಳ ನೆರಳಿನ ಹೊಲಗಳಲ್ಲಿತ್ತು. ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು. ಮಾಡಿದ ಅಡುಗೆಯಲ್ಲಿ ಒಂದೊಂದು ಪಾಲು ತೆಗೆದು ಹೊಲದ ಸುತ್ತ ಎರಚುತ್ತ ಹೋಗುವುದೇ ಚರಗ. ಬೆಳೆ ಕೊಟ್ಟ ಮಣ್ಣು ಮೊದಲು ಉಣ್ಣಬೇಕು, ಆಮೇಲೆ ಮನುಷ್ಯರು. ಈ ಸಲ ಬಿಲ್ಲೆ ಓಣಿಯ ಹೆಂಗಸರೂ ಬಂದಿದ್ದರು. ಏಳನೇ ಓಣಿಯವಳೊಬ್ಬಳು ನೀರಿನ ಕೊಳವೆ ಸೋರುವಲ್ಲಿ ಕದ್ದು ಬೆಳೆಸಿದ್ದ ಹಕ್ಕರಕಿ ಸೊಪ್ಪನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳು, ಇನ್ನೊಬ್ಬಳು ಡಬ್ಬಿಯಲ್ಲಿ ಬೆಳೆದ ಚೆರ್ರಿ ಟೊಮ್ಯಾಟೊ. ಕಸ್ತೂರಿಬಾಯಿ ಎರಡನ್ನೂ ಕುದಿಯುವ ಕೊಪ್ಪರಿಗೆಗೆ ಸುರಿದು "ನಲವತ್ತು" ಎಂದು ಗಟ್ಟಿಯಾಗಿ ಕೂಗಿದಳು.

ಹನ್ನೊಂದು ಗಂಟೆಗೆ ಹೊಲದ ಅಂಚಿನ ಸಭಾಮಂಟಪಕ್ಕೆ ಮಂಡಳಿಯವರು ಬಂದರು. ಜಾಗೀರದಾರರು ವರದಿ ಓದಲಿಲ್ಲ. "ನಮ್ಮ ಮಹಾನಂದಾ ಮಾತಾಡ್ತಾಳ್ರಿ," ಎಂದು ಪಕ್ಕಕ್ಕೆ ಸರಿದರು.

ಮಹಾನಂದಾಳ ದನಿ ನಡುಗಲಿಲ್ಲ. ಅರಿಶಿನ ತಿದ್ದುಪಡಿ ಬರೆದದ್ದು ತಾನೇ ಎಂದಳು. ಅದನ್ನು ಬಿಲ್ಲೆ ತಿನ್ನುವವರ ಬೆರಳಿನ ಮೇಲಷ್ಟೇ ಪರೀಕ್ಷಿಸಿದ್ದು ತನ್ನ ತಪ್ಪು ಎಂದಳು. ಹತ್ತು ವರ್ಷದ ನಲವತ್ತು ಸಾವಿರ ಸಂಖ್ಯೆಗಳಲ್ಲಿ ಅಡುಗೆಮನೆ ಓಣಿಯ ಪಾಲಿನದೆಲ್ಲ ಸುಳ್ಳು ಎಂದಳು. ಸಭೆ ಗುಜುಗುಜು ಎಂದಿತು.

ಅಧ್ಯಕ್ಷರು ಹುಬ್ಬೇರಿಸಿದರು. "ನೀವು ಹೇಳೋದಕ್ಕೆ ಸಾಕ್ಷಿ?"

"ಹೊರಗ ನಿಂತ ಮಂದಿ ಎಡಗೈ, ಸರ್."

ಹೊರಗೆ ನಿಂತಿದ್ದ ಜನ ಮುಂದೆ ಬರಲಿಲ್ಲ. ದೊಡ್ಡ ದೊಡ್ಡ ಅಧಿಕಾರಿಗಳ ಮುಂದೆ ಎಡಗೈ ಚಾಚುವುದೇ? ಅದೂ ಹಬ್ಬದ ದಿನ? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾನಂದಾ ಯಂತ್ರವನ್ನು ಮುಂದೆ ಸರಿಸಿ ಕಾದಳು. ಇಲ್ಲಿಯವರೆಗೆ ಬಂದು, ಸಾಕ್ಷಿ ಹೇಳಬೇಕಾದ ಕೈಗಳೇ ಸೆರಗಿನ ಮರೆಯಲ್ಲಿ ಉಳಿದರೆ?

ಆಗ ಜನರನ್ನು ಸರಿಸಿಕೊಂಡು ಕಸ್ತೂರಿಬಾಯಿ ಬಂದಳು. ಎಡಗೈಯಿಂದ ಏನಾದರೂ ಕೊಡಲು ಬಂದ ಮೊಮ್ಮಕ್ಕಳ ಕೈ ಮೇಲೆ ಪಟಾರನೆ ಬಾರಿಸುವ ಕಸ್ತೂರಿಬಾಯಿ! ಬಲಗೈಯ ಬಟ್ಟೆಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಯವಿನ್ನೂ ಹಸಿಯಾಗಿತ್ತು, ಸುತ್ತ ಅರಿಶಿನದ ಕಲೆ ಢಾಳಾಗಿತ್ತು.

"ಮೊದಲ ಬಲಗೈ ನೋಡ್ರಿ," ಎಂದು ಬೆರಳಿಟ್ಟಳು. ಮೂವತ್ತೊಂದು.

"ಈಗ ಎಡಗೈ. ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಸೊಕ್ಕಿನಿಂದ ಚಾಚ್ಲತ್ತಿಲ್ಲ ನಾ. ಈ ಕೈ ಸುಳ್ಳು ಹೇಳಂಗಿಲ್ಲ, ಅದಕ್ಕ ಚಾಚ್ಲತ್ತೀನಿ."

ಐವತ್ತೊಂಬತ್ತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆರು ದಿಬ್ಬಗಳ ಗೆರೆ ಎದ್ದಿತು. "ಅದ್ರಾಗ ಗಜ್ಜರಿ ಯಾವುದವ್ವಾ?" ಎಂದು ಅವಳು ಎಲ್ಲರ ಮುಂದೆಯೇ ಸೊಸೆಯನ್ನು ಕೇಳಿದಳು. ಮಹಾನಂದಾ ತೋರಿಸಿದಳು. ಇದು ಗಜ್ಜರಿ ಕುಂಬಳದ್ದು, ಇದು ಟೊಮ್ಯಾಟೊದ್ದು, ಇದು ಸೊಪ್ಪಿನದು, ಕಣ್ಣಿಗೆ ತಂಪು ಕನ್ನಡಕದಂತೆ ಕೂರುವ ಹಳದಿ ಇದೇ.

ಅಷ್ಟಾದ ಮೇಲೆ ಜನರನ್ನು ಕರೆಯಬೇಕಾಗಲಿಲ್ಲ. ಶರಣಪ್ಪ ಬಂದ. ಅವನ ಹಿಂದೆ ಫಲಕ ಒರೆಸುವವರು, ಹೊಲದ ಹೆಣ್ಣಾಳುಗಳು, ಕೋಲೂರಿದ ಮುದುಕರು, ಸಾಲಿನಲ್ಲಿ ಎಲ್ಲರೂ ಎಡಗೈ ಮುಂದೆ ಮಾಡಿ ನಿಂತರು. ಐವತ್ತೆರಡು. ಅರವತ್ತೊಂದು. ಐವತ್ತಾರು. ಬಿಲ್ಲೆ ಓಣಿಯವರೂ ಬಂದು ಎರಡೂ ಕೈ ಇಟ್ಟರು. ಮೂವತ್ತು, ಮೂವತ್ತು. ಒಂದೇ ಒಂದು ದಿಬ್ಬ. ಜಾಗೀರದಾರರು ಕಣ್ಣಿನ ಪರೀಕ್ಷೆಯ ಸೆಕೆಂಡುಗಳನ್ನು ಹೊಸ ಸಂಖ್ಯೆಯ ಪಕ್ಕ ಬರೆಯುತ್ತ ಹೋದರು. ಎಡಗೈ ಅಂಕಿ ದೊಡ್ಡದಿದ್ದವರ ಕಣ್ಣು ಬೇಗ ಚೇತರಿಸಿಕೊಂಡಿತ್ತು, ಚಿಕ್ಕದಿದ್ದವರದು ತಡವಾಗಿ. ಅಭ್ಯಾಸಬಲವಲ್ಲ, ಊಟದ ಬಲ.

ತಮ್ಮದೇ ಜನ ಹಾಗೆ ಸಾಲುಗಟ್ಟಿ ನಿಂತದ್ದನ್ನು ನೋಡುತ್ತ ಮಹಾನಂದಾಳ ಎದೆ ತುಂಬಿ ಬಂತು. ಪ್ರಶಸ್ತಿ ತೆಗೆದುಕೊಂಡ ದಿನವೂ ಅವಳಿಗೆ ಇಷ್ಟು ಹೆಮ್ಮೆ ಆಗಿರಲಿಲ್ಲ.

ಕೊನೆಗೆ ಅಧ್ಯಕ್ಷರೂ ಎದ್ದು ಬಂದು ಎಡಗೈ ಇಟ್ಟರು. ಇಪ್ಪತ್ತೆರಡು. ಅವರೇ ಮೊದಲು ನಕ್ಕರು. "ಅಮ್ಮಾ, ನಿಮ್ಮ ಅಡುಗೆಮನೆಯಲ್ಲಿ ಒಂದು ಎಲೆ ಜಾಸ್ತಿ ಹಾಕಲಿಕ್ಕೆ ಆಗುತ್ತಾ?"

"ಎಲಿ ಹಾಕಾದೇನು ದೊಡ್ದಲ್ರಿ. ಬೀಗ ಹಾಕ್ತೀರೇನು, ಅದು ಹೇಳ್ರಿ ಮೊದಲ."

"ಹಾಕಲ್ಲ."

ಅವತ್ತು ಅಧ್ಯಕ್ಷರು ಭಜ್ಜಿಯನ್ನು ಮೂರು ಸಲ ಹಾಕಿಸಿಕೊಂಡರು. ಆರು ಅಡುಗೆಮನೆಗಳು ಉಳಿದವು. ಉಗಾದಿಯ ಹೊತ್ತಿಗೆ ಬಿಲ್ಲೆ ಓಣಿಯವರು ತಾವಾಗಿಯೇ ಅರ್ಜಿ ಬರೆದು ಇನ್ನೆರಡು ತೆರೆಸಿಕೊಂಡರು. ಮಂಡಳಿಯ ನಡವಳಿಯಲ್ಲಿ 'ಅಳತೆಯ ದೋಷವನ್ನು ಸರಿಪಡಿಸಲಾಗಿದೆ' ಎಂಬ ಒಂದು ಸಾಲು ಬಂತು. ಯಾರು ಸರಿಪಡಿಸಿದರು ಎಂದು ಬರೆದಿರಲಿಲ್ಲ. ಮಹಾನಂದಾಳ ಕೆಲಸ ಹೋಗಲಿಲ್ಲ, ಬಡ್ತಿಯೂ ಬರಲಿಲ್ಲ. ಈಗ ಅಳತೆ ತೆಗೆಯುವುದು ಮೊಣಕೈಯ ಒಳಭಾಗದಿಂದ, ಅರಿಶಿನ ಮುಟ್ಟದ ಕಡೆಯಿಂದ.

ಒಂದು ದಿನ ಅವಳು ಕೆಲಸ ಮುಗಿಸಿ ಬಂದಾಗ ಪಡಸಾಲೆಯಲ್ಲಿ ದೂರದ ಬೀಗರು ಕೂತಿದ್ದರು. ಅವರ ಕೈಯಲ್ಲಿ ಇನ್ನೂ ನೀರಿನ ಲೋಟ ಇರಲಿಲ್ಲ. ಕಸ್ತೂರಿಬಾಯಿ ಗೋಡೆಯ ಮುಂದೆ ನಿಂತಿದ್ದಳು. ಪ್ರಶಸ್ತಿಪತ್ರವನ್ನು ಇಳಿಸಿ ಒಳಗಿಡಿ ಎಂದು ಮಹಾನಂದಾ ಎರಡು ಸಲ ಹೇಳಿದ್ದಳು. ಅದು ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಹೊಸದೊಂದು ಚೌಕಟ್ಟು, ಅದೇ ಅಳತೆಯದು, ಅದೇ ಬಂಗಾರದ ಅಂಚು. ಅದರೊಳಗೆ ಯಂತ್ರದಿಂದ ಹೊರಬಂದ ಒಂದು ಗೇಣುದ್ದದ ಚೀಟಿ: ಕಸ್ತೂರಿಬಾಯಿ, ಎಡಗೈ, ೫೯.

"ಇದು ನಮ್ಮ ಸೊಸಿ ಮಾಡಿದ ತಪ್ಪು," ಅವಳು ಬೀಗರಿಗೆ ಬೆರಳು ಮಾಡಿ ತೋರಿಸುತ್ತಿದ್ದಳು. "ಇದು ಆಕಿ ನಾಕು ಮಂದ್ಯಾಗ ನಿಂತು ತಿದ್ದಿದ್ದು. ಎರಡೂ ನಮ್ಮ ಮನೀವೇ. ಕುಂಡ್ರಿ, ನೀರು ತರ್ತೀನಿ."